ಗುಂಯ್‌ಗುಂಡಿ

ಅರಳಿಗೇರಿಯ ಹತ್ತೊಂಬತ್ತು ಶಾಲೆಗಳ ಮಕ್ಕಳ ಕೊರಳಪಟ್ಟಿಗೆ ಆ ಗುಂಡಿ ಹಚ್ಚಿಸಿದವಳು ಇಂದುಮತಿಯೇ. ಹಾಗಾಗಿ ಮುಂದೆ ಆದದ್ದಕ್ಕೆಲ್ಲ ಅವಳಿಗೆ ಊರಾಳುವವರ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಿಟ್ಟು ತನ್ನ ಮೇಲೂ ಬಂತು.

ಅವಳು ಸರ್ಕಾರಿ ಕೀಟವಿಜ್ಞಾನಿ. ಹದಿನಾಲ್ಕು ವರ್ಷ ಸೊಳ್ಳೆಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿ ಅವುಗಳ ರೆಕ್ಕೆಯ ಸದ್ದನ್ನು ಅಳೆದವಳು. ನಮ್ಮ ಕಿವಿಗೆ ಎಲ್ಲ ಸೊಳ್ಳೆಯದೂ ಒಂದೇ ಗುಂಯ್. ಯಂತ್ರದ ಕಿವಿಗೆ ಹಾಗಲ್ಲ. ಡೆಂಗಿ ಹರಡುವ ಹೆಣ್ಣು ಸೊಳ್ಳೆ ಸೆಕೆಂಡಿಗೆ ಐನೂರರ ಆಸುಪಾಸು ರೆಕ್ಕೆ ಬಡಿಯುತ್ತದೆ. ಚರಂಡಿಯ ಸೊಳ್ಳೆ ಅದಕ್ಕಿಂತ ಕಡಿಮೆ. ಗಂಡು ಸೊಳ್ಳೆ ಅದಕ್ಕಿಂತ ಹೆಚ್ಚು. ಈ ವ್ಯತ್ಯಾಸ ಹಿಡಿಯುವ ಯಂತ್ರವನ್ನು ಅಂಗಿಯ ಗುಂಡಿಯಷ್ಟು ಚಿಕ್ಕದು ಮಾಡಿದರೆ, ಮೈಯ ಕಾವಿನಿಂದಲೇ ಅದು ನಡೆಯುವಂತಾದರೆ, ಸದ್ದು ಸಿಕ್ಕ ಜಾಗವನ್ನೂ ತಿಳಿಸುವಂತಾದರೆ, ಅದನ್ನು ಧರಿಸಿ ಸಾವಿರಾರು ಜನ ಊರ ತುಂಬ ಓಡಾಡಿದರೆ ಏನಾದೀತು ಎಂದು ಅವಳು ಯೋಚಿಸಿದಳು. ಡೆಂಗಿ ಸೊಳ್ಳೆ ಹುಟ್ಟಿದ ಜಾಗ ಬಿಟ್ಟು ನೂರಿನ್ನೂರು ಹೆಜ್ಜೆಯಾಚೆ ಹೋಗುವುದು ಅಪರೂಪ. ಸದ್ದು ಹೆಚ್ಚಿದ್ದಲ್ಲಿ, ಹತ್ತಿರದಲ್ಲೇ ಎಲ್ಲೋ ತಿಳಿನೀರು ನಿಂತಿರಲೇಬೇಕು. ಆ ನೀರು ಚೆಲ್ಲಿದರೆ ಜ್ವರ ಬರುವ ಮೊದಲೇ ಜ್ವರದ ಬೇರು ಕಿತ್ತಂತೆ.

ಹಗಲು ಹೊತ್ತಿನಲ್ಲಿ ಮನೆ, ಓಣಿ, ಬಯಲು ಎಲ್ಲ ಕಡೆ ಓಡಾಡುವ ಸಾವಿರಾರು ಜನ ಯಾರು? ಮಕ್ಕಳು.

ಮಳೆಗಾಲ ಮುಗಿದರೆ ಡೆಂಗಿ ಮುಗಿಯಿತು ಎನ್ನುವ ಕಾಲ ಹೋಗಿ ಆ ಹೊತ್ತಿಗೆ ಬಹಳ ವರ್ಷವಾಗಿತ್ತು. ಚಳಿಗಾಲ ಹದಿನೈದು ದಿನಕ್ಕೆ ಇಳಿದಿತ್ತು, ಜ್ವರ ವರ್ಷವಿಡೀ ಇರುತ್ತಿತ್ತು. ಅರಳಿಗೇರಿ ನೇಕಾರರ ಊರು. ಬಯಲುಸೀಮೆಯ ನಡುವೆ, ನದಿಯಿಂದ ದೂರ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಹನ್ನೆರಡು ದಿನಕ್ಕೊಮ್ಮೆ, ಎರಡು ತಾಸು. ಉಳಿದ ಹನ್ನೊಂದು ದಿನಕ್ಕೆ ಜನ ಹರವಿ, ಡ್ರಮ್ಮು, ಬಕೆಟ್ಟು, ಹಳೆ ಬಣ್ಣದ ಡಬ್ಬಿಗಳಲ್ಲಿ ನೀರು ತುಂಬಿಡುತ್ತಿದ್ದರು. ತುಂಬಿಡದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಮೊಟ್ಟೆ ಇಡಲು ಸೊಳ್ಳೆಗೂ ಅದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ.

ಮೊದಲ ವರ್ಷ ಎಲ್ಲವೂ ಚೆನ್ನಾಗಿ ನಡೆಯಿತು. ಇಂದುಮತಿ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳೆದುರು ನಿಂತು, ಈ ಗುಂಡಿ ನಿಮ್ಮ ಮಾತು ಕೇಳುವುದಿಲ್ಲ, ಸೊಳ್ಳೆಯ ಸದ್ದು ಮಾತ್ರ ಕೇಳುತ್ತದೆ, ಇದರಿಂದ ಯಾರಿಗೂ ಕೆಡುಕಾಗುವುದಿಲ್ಲ ಎಂದು ಮಾತು ಕೊಟ್ಟಳು. ಮಕ್ಕಳು ಅದಕ್ಕೆ ಗುಂಯ್‌ಗುಂಡಿ ಎಂದು ಹೆಸರಿಟ್ಟರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಟಾರ್ಚು, ಬಿಳಿ ಬಟ್ಟಲು, ಸೊಳ್ಳೆಮರಿ ತಿನ್ನುವ ಗಪ್ಪಿ ಮೀನಿನ ಬಾಟಲಿ ಹಿಡಿದು ಓಣಿಗಳಿಗೆ ಹೊರಟರು. ಡ್ರಮ್ಮಿನ ನೀರನ್ನು ಬಟ್ಟಲಿಗೆ ಮೊಗೆದು, ಬೆಳಕು ಬಿಟ್ಟು, ಕೊಕ್ಕೆಯಂತೆ ಕೊಂಕುತ್ತ ಈಜುವ ಹುಳುಗಳನ್ನು ಮನೆಯವರಿಗೆ ತೋರಿಸಿದರು. ನಾಲ್ಕು ದಿನಕ್ಕೊಮ್ಮೆ ನೀರನ್ನು ಬೇರೆ ಪಾತ್ರೆಗೆ ಸೋಸಿ, ತಳದ್ದನ್ನು ಚೆಲ್ಲಿ, ಡ್ರಮ್ಮು ತಿಕ್ಕಲು ಹೇಳಿದರು, ಮುಚ್ಚಲು ಹಳೆ ಸೀರೆ ಕಟ್ಟಿಕೊಟ್ಟರು. ಯಾರೂ ಬೈಯಲಿಲ್ಲ. ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ಹಾಸಿಗೆಗಳು ಖಾಲಿಯಾದವು.

ಇಂದುಮತಿ ಬಾಡಿಗೆಗಿದ್ದ ಮಹಡಿಯ ಕೆಳಗೆ ಅಂಬವ್ವನ ಸಂಸಾರವಿತ್ತು. ಗಂಡ ವಿರೂಪಾಕ್ಷಪ್ಪ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು: ಆರನೆಯ ತರಗತಿಯ ತುಳಸಾ, ಒಂದನೆಯ ತರಗತಿಯ ಚಂಪಾ. ಓಣಿಯ ಮಕ್ಕಳ ತಂಡಕ್ಕೆ ತುಳಸಾಳೇ ಮುಂದಾಳು. ಯಾರ ಮನೆಯಲ್ಲಿ ಎಷ್ಟು ಡ್ರಮ್ಮು, ಯಾವುದಕ್ಕೆ ಮುಚ್ಚಳವಿಲ್ಲ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಸಂಜೆ ಮಹಡಿ ಹತ್ತಿ ಬಂದು ಇಂದುಮತಿಗೆ ಅದನ್ನು ಓದಿ ಹೇಳುತ್ತಿದ್ದಳು. ಚಂಪಾ ಅಕ್ಕನ ಹಿಂದೆಯೇ ಬಂದು, ಕೊರಳಿನ ಗುಂಡಿಯನ್ನು ಇಂದುಮತಿಯ ಕಿವಿಗೆ ಹಿಡಿದು, ಏನಾದರೂ ಕೇಳಿಸಿತೇ ಎಂದು ದಿನಾ ಕೇಳುತ್ತಿದ್ದಳು.

ಎರಡನೆಯ ವರ್ಷದ ಆರಂಭದಲ್ಲಿ ನಗರಸಭೆಯ ಆಯುಕ್ತರಾಗಿ ಪ್ರದ್ಯುಮ್ನ ಎಂಬವರು ಬಂದರು. ಊರಿಗೆ ನೀರು ಬಿಡುವ ವಾಲ್‌ಮನ್‌ಗಳನ್ನು ಅವರು ಕೆಲಸದಿಂದ ತೆಗೆದರು. ಮನೆಮನೆಯ ನಲ್ಲಿಗೂ ನಿಯಂತ್ರಣ ಕೊಠಡಿಯಿಂದಲೇ ತೆರೆದು ಮುಚ್ಚುವ ವಿದ್ಯುತ್ ವಾಲ್ವ್ ಕೂರಿಸಿದರು. ಅವನ್ನಿಡಲು ನಾಲ್ಕು ಮನೆಗೆ ಒಂದರಂತೆ ಓಣಿಯ ನೆಲದಲ್ಲಿ ಕಾಂಕ್ರೀಟಿನ ಚೇಂಬರು, ಮೇಲೊಂದು ಕಬ್ಬಿಣದ ಮುಚ್ಚಳ. ಅದಾದ ಮೇಲೆ ಮಕ್ಕಳ ಗುಂಡಿಗಳ ಲೆಕ್ಕವನ್ನೂ ಈ ವಾಲ್ವುಗಳನ್ನೂ ಒಂದೇ ತಂತಿಗೆ ಜೋಡಿಸಿದರು. ಒಂದು ಮನೆಯೊಳಗೆ ವಾರಕ್ಕೆ ಮೂರು ಸಲ ಡೆಂಗಿ ಸೊಳ್ಳೆಯ ಸದ್ದು ದಾಖಲಾದರೆ ಆ ಮನೆಯ ವಾಲ್ವ್ ಮುಂದಿನ ಸರದಿಗೆ ತೆರೆಯುವುದಿಲ್ಲ. ಮತ್ತೆ ದಾಖಲಾದರೆ ಅಧಿಕಾರಿ ಬಂದು ಮನೆ ನೋಡಿ ಒಪ್ಪುವವರೆಗೂ ಇಲ್ಲ. ಅಂಥ ಮನೆಗಳ ಸಂಖ್ಯೆಯನ್ನು ಬಸ್ ನಿಲ್ದಾಣದ ಎದುರಿನ ದೊಡ್ಡ ಪರದೆಯ ಮೇಲೆ ಕೆಂಪಕ್ಷರದಲ್ಲಿ ತೋರಿಸುವುದು.

ಆದೇಶ ಓದಿದಾಗ ಇಂದುಮತಿಗೆ ಮೊದಲು ಇದು ಯಾರೋ ಬೆರಳಚ್ಚಿನಲ್ಲಿ ಮಾಡಿದ ತಪ್ಪು ಅನ್ನಿಸಿತು. ಆಯುಕ್ತರ ಕೋಣೆಗೆ ಹೋಗಿ ವಿವರಿಸಿದಳು. ನೀರು ನಿಲ್ಲಿಸಿದರೆ ಜನ ಇನ್ನೂ ಹೆಚ್ಚು ದಿನದ ನೀರು ತುಂಬಿಡುತ್ತಾರೆ. ನೆರೆಯವರಿಂದ ಕಾಡಿ ತಂದ ನೀರಿನಲ್ಲಿ ತಳದ್ದನ್ನೂ ನಾಲ್ಕು ದಿನಕ್ಕೊಮ್ಮೆ ಚೆಲ್ಲಿ ಡ್ರಮ್ಮು ತಿಕ್ಕಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಸೊಳ್ಳೆ ಕಡಿಮೆಯಾಗುವುದಿಲ್ಲ, ದುಪ್ಪಟ್ಟಾಗುತ್ತದೆ.

ಆಯುಕ್ತರು ಸಮಾಧಾನದಿಂದಲೇ ಕೇಳಿಸಿಕೊಂಡರು. "ನೋಡಿ ಮೇಡಂ, ನೀವು ಸೊಳ್ಳೆ ಓದಿದೀರಿ, ನಾನು ಜನಾನ ಓದಿದೀನಿ. ಭಯ ಇಲ್ದೆ ಶಿಸ್ತು ಬರಲ್ಲ."

"ಆ ಗುಂಡಿ ಮಕ್ಕಳ ಕೊರಳಾಗ ಐತ್ರಿ. ತಮ್ಮ ಮನಿ ನೀರ ತಾವಽ ಬಂದ್ ಮಾಡಿಸಿದಂಗ ಆಗತೈತಿ."

"ಒಳ್ಳೇದೇ ಅಲ್ವಾ? ಮಕ್ಕಳ ಮಾತನ್ನ ತಾಯಂದ್ರು ಬೇಗ ಕೇಳ್ತಾರೆ."

ಅವಳು ಬರೆದುಕೊಟ್ಟ ಆಕ್ಷೇಪಣೆಯನ್ನು ಅವರು ಕಡತಕ್ಕೆ ಸೇರಿಸಿದರು. ಇಂದುಮತಿ ಕೆಲಸ ಬಿಡಲಿಲ್ಲ, ಗುಂಡಿಗಳನ್ನು ವಾಪಸು ಕೇಳಲೂ ಇಲ್ಲ. ಒಳಗಿದ್ದರೆ ಏನಾದರೂ ತಿದ್ದಬಹುದು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಒಂದೂವರೆ ತಿಂಗಳಿಗೆ ಅಂಬವ್ವನ ಮನೆಯ ಸಂಖ್ಯೆ ಪರದೆಯ ಮೇಲೆ ಬಂತು. ಆ ಸಂಜೆ ಇಂದುಮತಿ ಕೆಲಸದಿಂದ ಮರಳಿದಾಗ ಅಂಗಳದಲ್ಲಿ ಖಾಲಿ ಕೊಡಗಳು ಸಾಲಾಗಿದ್ದವು. ಅಕ್ಕಪಕ್ಕದ ಮೂರು ಮನೆಯ ನಲ್ಲಿಗಳಲ್ಲಿ ನೀರು ಸುರಿಯುತ್ತಿತ್ತು. ಅಂಬವ್ವ ಬಾಗಿಲಲ್ಲಿ ನಿಂತು ಮಗಳನ್ನು ನೋಡುತ್ತಿದ್ದಳು. ತುಳಸಾಳ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು.

ಇಂದುಮತಿ ಏನೋ ಹೇಳಲು ಹೋದಾಗ ಅಂಬವ್ವ ದನಿ ಏರಿಸದೆ ಹೇಳಿದಳು: "ಅಕ್ಕಾರ, ನನ್ನ ಹೊಟ್ಯಾಗ ಹುಟ್ಟಿದ ಹುಡುಗಿನ್ನ ನನ್ನ ಮನ್ಯಾಗಽ ಪೊಲೀಸ್ ಮಾಡಿದಿರಿ. ಸಾಲಿಗೆ ಕಳಿಸಿದ್ದು ಇದಕ್ಕಲ್ಲ."

ಆ ವಾರ ತುಳಸಾ ಮಹಡಿ ಹತ್ತಿ ಬರಲಿಲ್ಲ. ಓಣಿಯಲ್ಲಿ ಆಟಕ್ಕೂ ಅವಳನ್ನು ಸೇರಿಸಲಿಲ್ಲ, ಅವಳ ನೋಟ್‌ಬುಕ್ಕಿನಲ್ಲಿ ಎಲ್ಲರ ಮನೆಯ ಡ್ರಮ್ಮುಗಳೂ ಇದ್ದವಲ್ಲ. ಬೇರೆ ಓಣಿಗಳಲ್ಲೂ ಇದೇ ಕಥೆ. ಮಕ್ಕಳು ಹೊಡೆತ ತಿಂದರು. ಒಬ್ಬ ಹುಡುಗನನ್ನು ಅವನ ಅಜ್ಜನೇ ಎರಡು ದಿನ ಮನೆಯೊಳಗೆ ಸೇರಿಸಲಿಲ್ಲ. ಶನಿವಾರ ಬಟ್ಟಲು ಹಿಡಿದು ಬಂದ ಮಕ್ಕಳ ಮುಖಕ್ಕೆ ಬಾಗಿಲು ಹಾಕಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಶನಿವಾರದ ತಂಡಗಳೇ ಇಲ್ಲವಾದವು.

ಇತ್ತ ನಿಯಂತ್ರಣ ಕೊಠಡಿಯ ಗೋಡೆ ತುಂಬ ಇದ್ದ ನಕ್ಷೆಯಲ್ಲಿ ಕೆಂಪು ಚುಕ್ಕೆಗಳು ಒಂದೊಂದಾಗಿ ಆರತೊಡಗಿದವು. ಎರಡು ತಿಂಗಳಲ್ಲಿ ಊರಿಗೆ ಊರೇ ಹಸಿರಾಯಿತು. ಆಯುಕ್ತರು ರಾಜಧಾನಿಗೆ ಹೋಗಿ ಪ್ರಶಸ್ತಿ ತಂದರು. ಬೇರೆ ಊರುಗಳ ಅಧಿಕಾರಿಗಳು ಬಂದು ನಕ್ಷೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಇಂದುಮತಿ ಮಾತ್ರ ಆ ಹಸಿರನ್ನು ನಂಬಲಿಲ್ಲ. ಅವಳ ಪ್ರಯೋಗಾಲಯಕ್ಕೆ ತರಿಸಿದ ಡ್ರಮ್ಮಿನ ನೀರಲ್ಲಿ ಹುಳುಗಳು ಮೊದಲಿಗಿಂತ ಹೆಚ್ಚಿದ್ದವು. ಔಷಧದಂಗಡಿಗಳಲ್ಲಿ ಜ್ವರದ ಮಾತ್ರೆ ಸಿಗುತ್ತಿರಲಿಲ್ಲ. ಸೊಳ್ಳೆ ಇದೆ, ಜ್ವರ ಇದೆ, ಸದ್ದು ಮಾತ್ರ ಇಲ್ಲ. ಗುಂಡಿಗಳು ಕೆಟ್ಟಿವೆ, ಇಲ್ಲವೇ ಮಕ್ಕಳು ಅವನ್ನು ಮನೆಯಲ್ಲಿ ಎಲ್ಲೋ ಮುಚ್ಚಿಡುತ್ತಿದ್ದಾರೆ. ಎರಡನೆಯದೇ ನಿಜವಿರಬೇಕು ಎಂದು ಆಯುಕ್ತರಿಗೆ ತಿಳಿಸಿದಾಗ, ನಿಮ್ಮ ಯಂತ್ರವನ್ನು ನೀವೇ ನಂಬುವುದಿಲ್ಲವೇ ಎಂದು ಅವರು ನಕ್ಕರು.

ಆಗಸ್ಟ್ ಎರಡನೆಯ ವಾರ ಚಂಪಾಗೆ ಜ್ವರ ಬಂತು.

ನಾಲ್ಕು ದಿನ ಮೈ ಕೆಂಡದಂತಿತ್ತು. ಐದನೆಯ ದಿನ ಬೆಳಿಗ್ಗೆ ಬಿಟ್ಟಿತು. ಅಂಬವ್ವ ನಿಟ್ಟುಸಿರು ಬಿಟ್ಟು, ಮಗಳಿಗೆ ಗಂಜಿ ಕುಡಿಸಿ, ನೀರು ಕೇಳಲು ಪಕ್ಕದ ಓಣಿಗೆ ಹೋದಳು. ಎರಡನೆಯ ಸಲ ಮುಚ್ಚಿದ ಅವರ ವಾಲ್ವ್, ಮನೆ ನೋಡಲು ಅಧಿಕಾರಿ ಬಾರದೆ ಇನ್ನೂ ತೆರೆದಿರಲಿಲ್ಲ. ಇಂದುಮತಿ ಕೆಲಸಕ್ಕೆ ಹೊರಟವಳು ಮೆಟ್ಟಿಲಿಳಿಯುವಾಗ ಹುಡುಗಿ ಹೊಟ್ಟೆ ಹಿಡಿದು ನರಳುವುದು ಕೇಳಿಸಿತು. ಒಳಗೆ ಹೋಗಿ ಕೈ ಮುಟ್ಟಿದಳು. ಅಂಗೈ ತಣ್ಣಗಿತ್ತು. ಚಾಪೆಯ ಪಕ್ಕ ಎರಡು ಸಲ ವಾಂತಿಯಾದ ಗುರುತಿತ್ತು. ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಅಪಾಯ ಇರುವುದು: ರಕ್ತದ ನೀರು ನಾಳಗಳಿಂದ ಸೋರಿ, ಒತ್ತಡ ಕುಸಿಯುತ್ತದೆ. ಆ ಹೊತ್ತಿನಲ್ಲಿ ನಾಳಕ್ಕೆ ಸಲೈನ್ ಹೋದರೆ ಮಗು ಬದುಕುತ್ತದೆ, ತಡವಾದರೆ ಇಲ್ಲ.

ಅವಳು ಚಂಪಾಳನ್ನು ಎತ್ತಿಕೊಂಡೇ ಆಟೋ ಹತ್ತಿದಳು. ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಮೂರು ಮಕ್ಕಳು, ಮಂಚದ ಕೆಳಗೆ ಇಬ್ಬರು, ವರಾಂಡದ ನೆಲದ ಮೇಲೆ ಲೆಕ್ಕವಿಲ್ಲದಷ್ಟು. ಒಬ್ಬರೇ ವೈದ್ಯೆ, ಎರಡು ದಿನದಿಂದ ಮನೆಗೆ ಹೋಗಿರಲಿಲ್ಲ. ಸಲೈನ್ ಬಾಟಲಿ ಹಿಂದಿನ ದಿನವೇ ಮುಗಿದಿತ್ತು. ಇಂದುಮತಿ ಯಾಕೆ ತರಿಸಿಲ್ಲ ಎಂದು ಕೇಳಿದಳು.

ವೈದ್ಯೆ ಅವಳ ಗುರುತು ಹಿಡಿದರು. "ನೀವಽ ಕೇಳ್ತೀರೇನ್ರಿ ಮೇಡಂ? ಔಷಧ, ನರ್ಸು, ಎಲ್ಲಾ ನಿಮ್ಮ ನಕ್ಷೆ ನೋಡಿ ಕಳಿಸ್ತಾರ. ನಿಮ್ಮ ನಕ್ಷೆ ಹಸಿರೈತಿ. ಹಸಿರೂರಿಗೆ ಸಲೈನ್ ಯಾಕ ಬೇಕು ಅಂತಾರ."

ಅಂಬುಲೆನ್ಸಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಂಬವ್ವ ಮತ್ತು ವಿರೂಪಾಕ್ಷಪ್ಪ ಓಡಿ ಬಂದು ಹತ್ತಿಕೊಂಡರು. ಅರವತ್ತು ಕಿಲೋಮೀಟರು ದಾರಿಯಲ್ಲಿ ನಲವತ್ತು ಮುಗಿದಿರಬಹುದು, ಚಂಪಾ ಅವ್ವನ ತೊಡೆಯ ಮೇಲೆಯೇ ಹೋದಳು. ನಡುಮಧ್ಯಾಹ್ನ, ರಸ್ತೆಯ ಎರಡೂ ಬದಿ ಹೊಲಗಳಲ್ಲಿ ಜನ ಕೆಲಸ ಮಾಡುತ್ತಿದ್ದರು.

ಮಣ್ಣು ಮುಗಿಸಿ ಬಂದ ಮೂರನೆಯ ದಿನ ಇಂದುಮತಿ ಕೆಳಗಿನ ಮನೆಗೆ ಹೋದಳು. ತುಳಸಾ ಮಗ್ಗದ ಪಕ್ಕದ ಕತ್ತಲೆಯಲ್ಲಿ ಕೂತಿದ್ದಳು. ಅನ್ನ ಮುಟ್ಟಿರಲಿಲ್ಲ. ಇಂದುಮತಿ ಬಂದು ನೆಲದ ಮೇಲೆ ಕೂತದ್ದನ್ನು ನೋಡಿ, ಬುಟ್ಟಿಯಿಂದ ನೂಲಿನ ದಪ್ಪನೆಯ ಉಂಡೆಯೊಂದನ್ನು ತೆಗೆದು ಅವಳ ಮುಂದಿಟ್ಟಳು. ಅದರ ನಡುವೆ ಗುಂಡಿಯನ್ನು ತೂರಿಸಿಡಲು ಒಂದು ತೂತಿತ್ತು.

"ಮನಿಗೆ ಬಂದ ಕೂಡ್ಲೆ ಇದರಾಗ ಇಡ್ತಿದ್ನಿರಿ ಅಕ್ಕೋರ. ಚಂಪಾಂದೂ ನಾನಽ ಇಟ್ಟೆ. ಸಾಲಿ ಗೇಟಿನ್ಯಾಗ ಗುಂಡಿ ನೋಡ್ತಾರಲ್ರಿ, ಅದಕ್ಕ ಮುಂಜಾನೆ ಓಣ್ಯಾಗ ಬಂದು ಹಾಕ್ಕೋತಿದ್ವಿ." ಆಮೇಲೆ ಕೇಳಿದಳು: "ನಾ ಮುಚ್ಚಿಡದಽ ಇದ್ರ ಆಕಿ ಉಳೀತಿದ್ಲೇನ್ರಿ?"

ಹನ್ನೊಂದು ವರ್ಷದ ಹುಡುಗಿ ಈ ಪ್ರಶ್ನೆಯನ್ನು ಹೊತ್ತು ಮೂರು ದಿನ ಕತ್ತಲಲ್ಲಿ ಕೂತಿದ್ದಳು. ಇಂದುಮತಿಗೆ ಸಿಟ್ಟು ಬಂತು. ಆಯುಕ್ತರ ಮೇಜಿನ ಮೇಲಿನ ಪ್ರಶಸ್ತಿ ಫಲಕ, ಫೋಟೋಗೆ ನಿಂತ ಅಧಿಕಾರಿಗಳು, ಕಡತದಲ್ಲಿ ಮಲಗಿದ ತನ್ನದೇ ಆಕ್ಷೇಪಣೆ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಇಲ್ಲ, ನಿನ್ನಿಂದ ಏನೂ ಆಗಲಿಲ್ಲ, ಮಾಡಿದವರು ದೊಡ್ಡವರು, ಅವರಲ್ಲಿ ನಾನೂ ಒಬ್ಬಳು ಎಂದು ಹೇಳಿದಳು. ಹುಡುಗಿ ನಂಬಿದಂತೆ ಕಾಣಲಿಲ್ಲ. ಬಾಯಿಮಾತಿಗೆ ನಂಬುವ ಕಾಲ ಮುಗಿದಿತ್ತು.

ಎದ್ದು ಬರುವಾಗ ಅವಳಿಗೆ ತುಳಸಾ ಹೇಳಿದ ಒಂದು ಮಾತು ಹೊಳೆಯಿತು. ಓಣಿಯಲ್ಲಿ ಬಂದು ಹಾಕಿಕೊಳ್ಳುತ್ತಿದ್ದೆವು. ಅಂದರೆ ಮನೆಯೊಳಗೆ ಕಿವುಡಾಗಿದ್ದ ಗುಂಡಿಗಳು ಓಣಿಯಲ್ಲಿ, ಶಾಲೆಗೆ ಹೋಗುವ ಬರುವ ದಾರಿಯಲ್ಲಿ ಕೇಳುತ್ತಲೇ ಇದ್ದವು. ಹಾಗಾದರೆ ಆ ಸದ್ದು ಎಲ್ಲಿ ಹೋಯಿತು?

ಎಲ್ಲಿ ಹೋಯಿತೆಂದು ಅವಳಿಗೆ ಗೊತ್ತಿತ್ತು. ಮೊದಲ ವರ್ಷದ ಗುಂಡಿಗಳು ಮನೆಯೊಳಗಿನ ಮಗ್ಗದ ಖಟಖಟವನ್ನು ಗುರುತಿಸಿದರೂ, ಗೋಡೆ ದಾಟಿ ಓಣಿಗೆ ಬರುವ ಮಗ್ಗಗಳ ಗುಂಯ್‌ಗುಡುವಿಕೆಯನ್ನೂ ಸೊಳ್ಳೆಯೆಂದೇ ತಿಳಿಯುತ್ತಿದ್ದವು. ಅದಕ್ಕೆ ಅವಳೇ ಕಂಪ್ಯೂಟರಿಗೆ ಒಂದು ಸಾಲು ಬರೆದಿದ್ದಳು: ರಸ್ತೆ ಮತ್ತು ಸರ್ಕಾರಿ ಜಾಗದಲ್ಲಿ ಸಿಕ್ಕ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಎರಡನೆಯ ವರ್ಷದ ಗುಂಡಿಗಳಿಗೆ ಮಗ್ಗದ ಸದ್ದನ್ನು ಬೇರೆ ಮಾಡಲು ಬರುತ್ತಿತ್ತು. ಆ ಸಾಲು ತೆಗೆಯೋಣವೆಂದು ಅವಳು ಕೇಳಿದಾಗ ಆಯುಕ್ತರು, ಸರ್ಕಾರಿ ಜಾಗದ ಮೇಲೆ ಕೆಂಪು ಚುಕ್ಕೆ ಬಂದರೆ ನಮ್ಮ ಹೆಸರೇ ಕೆಡುತ್ತದೆ, ಅದು ಹಾಗೇ ಇರಲಿ ಎಂದಿದ್ದರು. ಅವಳು ಹಾಗೇ ಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ಕೂತು ಲೆಕ್ಕದಿಂದ ಬಿಟ್ಟುಹೋದ ಸದ್ದನ್ನೆಲ್ಲ ಹೊರತೆಗೆದು ತನ್ನ ಯಂತ್ರದಲ್ಲಿ ನಕ್ಷೆ ಮಾಡಿದಳು. ಚುಕ್ಕೆಗಳು ಮಳೆಹನಿಯಂತೆ ಎಲ್ಲೆಂದರಲ್ಲಿ ಬೀಳಲಿಲ್ಲ. ಓಣಿ ಓಣಿಯಲ್ಲೂ ಅಳತೆ ಹಿಡಿದು ಇಟ್ಟಂತೆ, ಮೂವತ್ತು ನಲವತ್ತು ಹೆಜ್ಜೆಗೊಂದು ಕೆಂಪು ಗುಂಪು. ಎಲ್ಲಕ್ಕಿಂತ ದಟ್ಟವಾದ ಗುಂಪುಗಳು ನೀರು ನಿಲ್ಲಿಸಿದ ಮನೆಗಳ ಮುಂದೆಯೇ ಇದ್ದವು.

ಅವಳು ನೇರ ತುಳಸಾಳ ಶಾಲೆಗೆ ಹೋದಳು. ವಿಜ್ಞಾನದ ದೊಡ್ಡಮನಿ ಮಾಸ್ತರರು ಅವಳ ನಕ್ಷೆ ನೋಡಿ ಒಂದು ಹಾರೆ ಹುಡುಕಿ ತಂದರು. ಆರನೆಯ ತರಗತಿಯ ಮಕ್ಕಳು ಅವರ ಹಿಂದೆ ಹೊರಟರು. ದಾರಿಯಲ್ಲಿ ಅಂಬವ್ವನ ಮನೆಯ ಮುಂದೆ ನಿಂತು ತುಳಸಾಳನ್ನು ಕರೆದರು. ಮಾಸ್ತರರು ಮನೆಯೆದುರಿನ ಚೇಂಬರಿನ ಕಬ್ಬಿಣದ ಮುಚ್ಚಳವನ್ನು ಹಾರೆಯಿಂದ ಮೀಟಿದರು. ಸಪ್ಪಳಕ್ಕೆ ಬುಗ್ಗನೆ ಸೊಳ್ಳೆಗಳೆದ್ದವು, ಕರಿ ಮೈ, ಕಾಲಿಗೆ ಬಿಳಿ ಪಟ್ಟೆ. ಒಳಗೆ ಮೊಣಕಾಲುದ್ದ ತಿಳಿನೀರು. ಮುಚ್ಚಿದ ವಾಲ್ವಿನ ಸಂದಿಯಿಂದ ಹನಿ ಹನಿಯಾಗಿ ಜಿನುಗಿ, ಹರಿದುಹೋಗಲು ದಾರಿಯಿಲ್ಲದೆ ತಿಂಗಳುಗಟ್ಟಲೆ ನಿಂತದ್ದು. ಮುಚ್ಚಳ ಎತ್ತಲು ಬಿಟ್ಟ ಬೆರಳಗಲದ ತೂತು ಸೊಳ್ಳೆಗೆ ಹೆಬ್ಬಾಗಿಲಾಗಿತ್ತು.

ತುಳಸಾ ಮಂಡಿಯೂರಿ ಬಿಳಿ ಬಟ್ಟಲಿನಲ್ಲಿ ನೀರು ಮೊಗೆದಳು. ಬಟ್ಟಲ ತಳ ಕಾಣಿಸಲಿಲ್ಲ, ಅಷ್ಟು ಹುಳುಗಳಿದ್ದವು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಟ್ಟಲನ್ನು ಅವ್ವನ ಹತ್ತಿರ ಒಯ್ದಳು.

ಶಿಕ್ಷೆಗೆಂದು ಮುಚ್ಚಿದ ವಾಲ್ವೇ ಸೊಳ್ಳೆಯನ್ನು ಸಾಕುತ್ತಿತ್ತು. ಆ ಸೊಳ್ಳೆ ಮನೆಯೊಳಗೆ ಹೋದರೆ ಮನೆಯವರಿಗೆ ಮತ್ತೆ ಶಿಕ್ಷೆ. ಅಂಥ ಏಳುನೂರು ಚೇಂಬರುಗಳಿದ್ದವು.

ಇಂದುಮತಿ ಬಟ್ಟಲಿನ ನೀರನ್ನು ಬಾಟಲಿಗೆ ತುಂಬಿ ಆಯುಕ್ತರ ಮೇಜಿನ ಮೇಲೆ, ಪ್ರಶಸ್ತಿ ಫಲಕದ ಪಕ್ಕ ಇಟ್ಟಳು. ಹೇಳಬೇಕಾದ್ದನ್ನೆಲ್ಲ ಹೇಳಿದಳು. ಆಯುಕ್ತರ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಅಷ್ಟೇ. ಮುಂದಿನ ಬಜೆಟ್ಟಿನಲ್ಲಿ ಚೇಂಬರುಗಳ ದುರಸ್ತಿಗೆ ಇಡೋಣ, ಈಗ ಇದು ಹೊರಗೆ ಹೋದರೆ ಜನ ಗಾಬರಿಯಾಗುತ್ತಾರೆ ಎಂದರು. ಧ್ವನಿ ತಗ್ಗಿಸಿ, "ಆ ಸಾಲು ಬರೆದಿದ್ದು ನೀವು. ನಿಮ್ಮ ಸಹಿ ಇದೆ. ಯೋಚ್ನೆ ಮಾಡಿ," ಎಂದೂ ಹೇಳಿದರು.

"ಹೌದ್ರಿ, ನಂದಽ ಸಹಿ," ಎಂದಳು ಇಂದುಮತಿ. "ಅದಕ್ಕಽ ಅಳಸೂದೂ ನನ್ನ ಕೆಲಸ."

ನಿಯಂತ್ರಣ ಕೊಠಡಿಗೆ ಹೋಗಿ ಕುರ್ಚಿಯಲ್ಲಿ ಕೂತಳು. ಆ ಸಾಲನ್ನು ಅಳಿಸಿದಳು. ಬಸ್ ನಿಲ್ದಾಣದ ಪರದೆಗೆ ಹೋಗುತ್ತಿದ್ದ ಮನೆಗಳ ಪಟ್ಟಿಯನ್ನು ತೆಗೆದು, ಹೊಸ ನಕ್ಷೆಯನ್ನು ಅಲ್ಲಿಗೆ ಕಳಿಸಿದಳು. ಹೊರಗೆ ಸಂತೆಯ ದಿನ. ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಒಬ್ಬಳು ಕಾಯಿಪಲ್ಲೆ ಮಾರುವವಳು ತನ್ನ ಓಣಿಯನ್ನು ಗುರುತಿಸಿ ಪಕ್ಕದವಳಿಗೆ ತೋರಿಸಿದಳು. ಹಸಿರೂರು ನೋಡನೋಡುತ್ತಿದ್ದಂತೆ ಗಾಯಗಳೆದ್ದ ಮೈಯಂತಾಗಿತ್ತು. ನೀರು ಸರಬರಾಜಿನ ಕಚೇರಿಯ ಹಿತ್ತಲು ಅಂಗೈಯಗಲ ಕೆಂಪಾಗಿತ್ತು.

ತುಳಸಾಳ ಓಣಿಯಲ್ಲಿ ಮಾಸ್ತರರು ತೆಗೆದ ಮುಚ್ಚಳ ಆಗಲೇ ನೂರಾರು ಜನರನ್ನು ಸೇರಿಸಿತ್ತು. ಮಧ್ಯಾಹ್ನದ ಹೊತ್ತಿಗೆ ಊರ ತುಂಬ ಹಾರೆಯ ಸಪ್ಪಳ. ಹೆಂಗಸರು ಒಂದೊಂದೇ ಚೇಂಬರು ತೆರೆದು, ನೀರನ್ನು ಕೊಡದಲ್ಲಿ ಮೊಗೆದು ಬಿಸಿಲಿಗೆ ಚೆಲ್ಲಿದರು. ಕಷ್ಟಪಟ್ಟು ಕಾಡಿ ನೀರು ತರುತ್ತಿದ್ದ ಅದೇ ಕೊಡಗಳು. ಹಲವೆಡೆ ವಾಲ್ವುಗಳನ್ನು ಒಡೆದರು. ಯಾರು ಒಡೆದರೆಂದು ಪೊಲೀಸರು ಕೇಳಿದರೆ ಇಡೀ ಓಣಿ ಮುಂದೆ ಬಂದು ನಿಂತಿತು. ಕೆಲಸದಿಂದ ತೆಗೆದಿದ್ದ ಹಳೆಯ ವಾಲ್‌ಮನ್‌ಗಳು ಬಂದು, ಕೈಯಿಂದಲೇ ದೊಡ್ಡ ಕೊಳವೆಯ ಕೀಲಿ ತಿರುಗಿಸಿ ನೀರು ಬಿಟ್ಟರು.

ವಿಚಾರಣಾ ಸಮಿತಿ ಬಂತು. ಆ ಮಳೆಗಾಲದಲ್ಲಿ ಅರಳಿಗೇರಿಯಲ್ಲಿ ಸತ್ತ ಮಕ್ಕಳು ಇಪ್ಪತ್ತಮೂರು ಎಂದು ಅದು ಬರೆಯಿತು. ಯಾರು ಕೊಂದರು ಎಂದು ಬರೆಯಲಿಲ್ಲ. ಸಮನ್ವಯದ ಕೊರತೆ ಎಂದು ಬರೆಯಿತು. ಪ್ರದ್ಯುಮ್ನರಿಗೆ ದೊಡ್ಡ ಊರಿಗೆ ವರ್ಗವಾಯಿತು. ಅನುಮತಿಯಿಲ್ಲದೆ ಸರ್ಕಾರಿ ದತ್ತಾಂಶ ಬಹಿರಂಗ ಮಾಡಿದ್ದಕ್ಕೆ ಇಂದುಮತಿ ಅಮಾನತಾದಳು. ರಸ್ತೆಯನ್ನು ಲೆಕ್ಕದಿಂದ ಬಿಟ್ಟದ್ದು ತನ್ನ ತಪ್ಪೆಂದು ಅವಳು ಬರೆದುಕೊಟ್ಟ ಹೇಳಿಕೆಯ ಬಗ್ಗೆ ಸಮಿತಿ ಒಂದು ಮಾತನ್ನೂ ಕೇಳಲಿಲ್ಲ. ಆ ತಪ್ಪಿಗೆ ಶಿಕ್ಷೆ ಕೊಡಲು ಹೋದರೆ ಮೇಲಿನವರ ಹೆಸರೂ ಬರುತ್ತಿತ್ತು.

ಆ ದಿನಗಳಲ್ಲೊಮ್ಮೆ ಅವಳು ಅಂಬವ್ವನ ಎದುರು ಕೂತು ಕ್ಷಮೆ ಕೇಳಿದಳು. ಅಂಬವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಕ್ಷಮಾ ಮಾಡೂದು ನನ್ನ ಕೈಯಾಗಿಲ್ರಿ ಅಕ್ಕಾರ. ಅದನ್ನ ಕೊಡಾಕಿ ಹೋಗ್ಯಾಳ," ಎಂದಳು. ಕಂಡಿಕೆ ತುಂಬಿದ ಮೇಲೆ, "ಇದ್ದಾಕಿನ್ನ ನೋಡ್ಕೋರಿ. ಆಕಿ ಇನ್ನೂ ಸರಿ ಉಣ್ಣವಲ್ಲಳು," ಎಂದಳು.

ಹೊಸ ಆಯುಕ್ತರ ಕಾಲದಲ್ಲಿ ಹೊಸ ಗುಂಡಿಗಳು ಬಂದವು. ಈ ಸಲ ಬಟ್ಟೆಯೊಳಗೇ ಹೊಲಿದವು, ತೆಗೆಯಲು ಬಾರದವು. ಶಾಲೆಯ ಅಂಗಳದಲ್ಲಿ ಅಂಗಿ ಹಂಚುವ ದಿನ ತುಳಸಾ ತನ್ನದನ್ನು ಮೇಜಿನ ಮೇಲೆ ವಾಪಸು ಇಟ್ಟಳು. ಅವಳ ಹಿಂದಿನ ಹುಡುಗಿಯೂ ಇಟ್ಟಳು. ಸಾಲು ಮುಗಿದಾಗ ಅಂಗಿಗಳೆಲ್ಲ ಮೇಜಿನ ಮೇಲಿದ್ದವು. ಹೆಡ್‌ಮಾಸ್ತರರು ಸಿಟ್ಟಾಗಿ, ಹಾಗಾದರೆ ನಿಮಗೆ ಊರಲ್ಲಿ ಡೆಂಗಿ ಇರಬೇಕೇನು ಎಂದು ಕೇಳಿದರು. ತುಳಸಾ, ಬಟ್ಟಲು ಮತ್ತು ಟಾರ್ಚು ಕೊಡಿ, ಸೊಳ್ಳೆಮರಿಗಳನ್ನು ನಾವೇ ಹುಡುಕುತ್ತೇವೆ ಎಂದಳು. ಎಲ್ಲಿಂದ ಶುರು ಮಾಡಬೇಕೆಂದು ಮಾತ್ರ ನಾವೇ ಹೇಳುತ್ತೇವೆ ಎಂದಳು.

ಮೊದಲ ಶನಿವಾರ ಅವರು ನೀರು ಸರಬರಾಜಿನ ಕಚೇರಿಗೆ ಹೋದರು, ಎರಡನೆಯ ಶನಿವಾರ ಆಸ್ಪತ್ರೆಗೆ. ಮೂರನೆಯ ಶನಿವಾರ ಹೊಸ ಆಯುಕ್ತರ ಬಂಗಲೆಗೆ. ಕೆಲಸವಿಲ್ಲದ ಇಂದುಮತಿ ತಂಡದ ಹಿಂದೆ ಟಾರ್ಚು ಹಿಡಿದು ನಡೆಯುತ್ತಿದ್ದಳು. ಮಕ್ಕಳು ಕೇಳಿದರೆ ಉತ್ತರಿಸುತ್ತಿದ್ದಳು, ಕೇಳದಿದ್ದರೆ ಸುಮ್ಮನಿರುತ್ತಿದ್ದಳು.

ಗೇಟಿನಲ್ಲಿ ಕಾವಲುಗಾರ ತಡೆದ. ಹನ್ನೆರಡು ಮಕ್ಕಳು ಬಟ್ಟಲು ಹಿಡಿದು ಬಿಸಿಲಲ್ಲಿ ನಿಂತರು. ರಸ್ತೆಯಲ್ಲಿ ಹೋಗುವವರೂ ನಿಲ್ಲತೊಡಗಿದಾಗ ಒಳಗಿನಿಂದ ಬಾಗಿಲು ತೆರೆಯಿತು. ಆಯುಕ್ತರು ಮನೆಯುಡುಪಿನಲ್ಲಿದ್ದರು. ಬನ್ನಿ ಮಕ್ಕಳೇ ಎಂದು ನಗುತ್ತಲೇ ಕರೆದರು, ಬಿಸ್ಕತ್ತು ತರಲು ಒಳಗೆ ಹೇಳಿದರು. ಮಕ್ಕಳು ಬಿಸ್ಕತ್ತು ಮುಟ್ಟಲಿಲ್ಲ. ಹೂಕುಂಡದ ತಟ್ಟೆ ನೋಡಿದರು, ನಾಯಿಯ ನೀರಿನ ಬಟ್ಟಲು ನೋಡಿದರು, ಹಿತ್ತಲಲ್ಲಿದ್ದ ದೊಡ್ಡ ಏರ್‌ಕೂಲರಿನ ಹತ್ತಿರ ಬಂದರು. ತುಳಸಾ ಬಗ್ಗಿ ಅದರ ತಳದ ತೊಟ್ಟಿಯಿಂದ ನೀರು ಮೊಗೆದಳು. ಇಂದುಮತಿ ಬೆಳಕು ಬಿಟ್ಟಳು. ಹನ್ನೊಂದು ಹುಳುಗಳಿದ್ದವು. ತುಳಸಾ ಎರಡು ಸಲ ಎಣಿಸಿ, ಪುಸ್ತಕದಲ್ಲಿ ಮನೆಯ ಹೆಸರು, ದಿನಾಂಕ, ಸಂಖ್ಯೆ ಬರೆದಳು.

ಆಯುಕ್ತರ ನಗು ಸ್ವಲ್ಪ ಸಣ್ಣಗಾಯಿತು. ಏನು ಶಿಕ್ಷೆ ಕೊಡುತ್ತೀಯಮ್ಮ ನನಗೆ ಎಂದು ಕೇಳಿದರು.

"ಶಿಕ್ಷಾ ಏನಿಲ್ರಿ ಸರ," ಎಂದಳು ತುಳಸಾ. "ನೀರ ಚೆಲ್ಲಬೇಕು, ತಿಕ್ಕಬೇಕು, ಒಣಗಸ್ಬೇಕು."

ಆಗಲಿ, ಆಳಿಗೆ ಹೇಳುತ್ತೇನೆ ಎಂದು ಅವರು ಕಾವಲುಗಾರನ ಕಡೆ ತಿರುಗಿದರು.

"ನಮ್ಮವ್ವ ತಾನಽ ಮಾಡ್ತಾಳ್ರಿ. ನೀವೂ ಮಾಡ್ರಿ. ನಾವು ನಿಂತಿರ್ತೀವಿ."

ಗೇಟಿನ ಹೊರಗೆ ಜನ ಇಣುಕುತ್ತಿದ್ದರು. ಆಯುಕ್ತರು ಸುತ್ತ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, ಕೂಲರಿನ ಭಾರವಾದ ತೊಟ್ಟಿಯನ್ನು ಎರಡೂ ಕೈಯಿಂದ ಎತ್ತಲು ಹೋದರು. ನೀರು ತುಳುಕಿ ಅವರ ಕಾಲ ಮೇಲೆ ಚೆಲ್ಲಿತು. ಕಾವಲುಗಾರ ಮುಂದೆ ಬಂದ, ತುಳಸಾ ಅವನತ್ತ ನೋಡಿದಳು, ಅವನು ಅಲ್ಲೇ ನಿಂತ. ಇಂದುಮತಿಯೂ ಕೈ ಹಚ್ಚಲಿಲ್ಲ. ಹನ್ನೆರಡು ಮಕ್ಕಳು ಬಟ್ಟಲು ಹಿಡಿದು, ತೊಟ್ಟಿಯ ನೀರೆಲ್ಲ ಖಾಲಿಯಾಗುವವರೆಗೂ, ಅವರು ಬ್ರಷ್ ತಂದು ತಳ ತಿಕ್ಕುವವರೆಗೂ, ಕಣ್ಣು ಕೀಳದೆ ನೋಡುತ್ತ ನಿಂತಿದ್ದರು.